ವಿಶ್ರಾಂತಿಯ ಒಂದು ದಿನ

(ಧರ್ಮಕೇಂದ್ರದ ಶತಮಾನೋತ್ಸವದ ಅಂಗವಾಗಿ ಏರ್ಪಟ್ಟಿದ್ದ ಸೇವಾ ದಿನಾಚರಣೆಯ ಸಭೆಯಲ್ಲಿ ನಮ್ಮ ಧರ್ಮಕೇಂದ್ರದ ಹಿರಿಯ ವೈದ್ಯರೊಬ್ಬರು ಮಾಡಿದ ಭಾಷಣದ ಪೂರ್ಣಪಾಠ)



ಶತಮಾನೋತ್ಸವ ಸಮಿತಿಯವರು ನನ್ನ ಬಳಿಗೆ ಬಂದು, ಈ ಶುಭ ಸಂದರ್ಭದಲ್ಲಿ ರೋಗಿಗಳ ಸೇವೆಯನ್ನು ಕುರಿತು ನಾಲ್ಕು ಮಾತು ಆಡಬೇಕೆಂದು ಕೇಳಿಕೊಂಡರು. ನೇಪಾಳದ ಭೂಕಂಪದ ಸಮಯದಲ್ಲಿ ನೀವು ಹೋಗಿದ್ದಿರಲ್ಲ, ಅದನ್ನೇ ಹೇಳಿ ಎಂದರು. ಆಗಲಿ ಎಂದು ಒಪ್ಪಿಕೊಂಡೆ. ಆದರೆ ಬರೆಯಲು ಕುಳಿತಾಗ ನನ್ನ ನೆನಪಿಗೆ ಮೊದಲು ಬಂದದ್ದು ಅಲ್ಲಿ ನಾವು ಮಾಡಿದ ಸೇವೆಯಲ್ಲ. ನಾವು ಏನೂ ಮಾಡದೆ ಸುಮ್ಮನೆ ಕುಳಿತಿದ್ದ ಒಂದು ದಿನ. ಸೇವಾ ದಿನಾಚರಣೆಯಂದು ವಿಶ್ರಾಂತಿಯನ್ನು ಕುರಿತು ಭಾಷಣ ಮಾಡುತ್ತಾನಲ್ಲ ಎಂದು ನೀವು ನಗಬಹುದು. ಕೊನೆಯವರೆಗೆ ಕೇಳಿ, ಆಮೇಲೆ ನಗಬೇಕೋ ಬೇಡವೋ ಎಂಬುದನ್ನು ನೀವೇ ತೀರ್ಮಾನಿಸಿ ಎಂದು ವಿನಂತಿಸಿಕೊಳ್ಳುತ್ತೇನೆ.

2015ನೆಯ ಇಸವಿ ಏಪ್ರಿಲ್ ತಿಂಗಳ 25ನೆಯ ತಾರೀಖು, ಮಧ್ಯಾಹ್ನ ಹನ್ನೆರಡಕ್ಕೆ ಇನ್ನು ನಾಲ್ಕು ನಿಮಿಷವಿರುವಾಗ ನೇಪಾಳದ ನೆಲ ನಡುಗಿತು. ಭೂಕಂಪದ ಪ್ರಮಾಣ 7.8. ಕೇಂದ್ರಬಿಂದು ಗೋರ್ಖಾ ಜಿಲ್ಲೆಯ ಬಾರ್ಪಾಕ್ ಎಂಬ ಗ್ರಾಮದ ಬಳಿ. ಮೇ 12ರಂದು ದೊಲಖಾ ಜಿಲ್ಲೆಯ ಕಡೆ 7.3 ಪ್ರಮಾಣದ ಮತ್ತೊಂದು ಕಂಪನವಾಯಿತು. ಒಟ್ಟು ಸುಮಾರು 9,000 ಜನ ಪ್ರಾಣ ಕಳೆದುಕೊಂಡರು. 22,000ಕ್ಕೂ ಮಿಕ್ಕಿ ಗಾಯಗೊಂಡರು. ಸುಮಾರು ಐದು ಲಕ್ಷ ಮನೆಗಳು ನೆಲಸಮವಾದವು. ಆ ಬೆಟ್ಟಗಳ ಮನೆಗಳು ಕಲ್ಲು ಮತ್ತು ಮಣ್ಣಿನವು. ಬಹುಪಾಲು ಮನೆಗಳಿಗೆ ಹಾಸುಗಲ್ಲಿನ ಛಾವಣಿ. ಗೋಡೆ ಬಿರಿದೊಡನೆ ಆ ಭಾರವೆಲ್ಲ ಒಳಗಿದ್ದವರ ತಲೆಯ ಮೇಲೆಯೇ ಬಂತು. ನಾಲ್ಕು ನೂರಕ್ಕೂ ಹೆಚ್ಚು ಸರಕಾರಿ ಆರೋಗ್ಯ ಕೇಂದ್ರಗಳು ಸಂಪೂರ್ಣವಾಗಿ ಕುಸಿದುಹೋದವು. ಗಾಯಾಳುಗಳಿದ್ದರು, ಆದರೆ ಗಾಯ ಕಟ್ಟುವ ಸ್ಥಳವಿರಲಿಲ್ಲ.

ಆ ದಿನದ ವಿಷಯವಾಗಿ ಎರಡು ಸಂಗತಿಗಳನ್ನು ನೀವು ಗಮನದಲ್ಲಿಟ್ಟುಕೊಳ್ಳಬೇಕು. ಒಂದನೆಯದು, ಅಂದು ಶನಿವಾರ. ನಮಗೆ ಭಾನುವಾರವಿದ್ದಂತೆ ಅಂದಿನ ನೇಪಾಳದಲ್ಲಿ ವಾರದ ರಜೆ ಶನಿವಾರವೇ. ಅಲ್ಲಿನ ಕ್ರೈಸ್ತರು ವಾರದ ಆರಾಧನೆಗೆ ಸೇರುತ್ತಿದ್ದುದೂ ಶನಿವಾರವೇ. ಎರಡನೆಯದು, ಏಪ್ರಿಲ್ 25 ಶುಭಸಂದೇಶಕಾರರಾದ ಸಂತ ಮಾರ್ಕರ ಹಬ್ಬದ ದಿನ. ಈ ಎರಡೂ ಸಂಗತಿಗಳು ಮುಂದೆ ನನ್ನ ಮಾತಿನಲ್ಲಿ ಬರುತ್ತವೆ.

ನಮ್ಮದು ಎಂಟು ಮಂದಿಯ ಚಿಕ್ಕ ತಂಡ. ನಾನು, ಒಬ್ಬ ಕಿರಿಯ ವೈದ್ಯೆ, ಮೂವರು ದಾದಿಯರು, ಔಷಧಿಗಳನ್ನು ನೋಡಿಕೊಳ್ಳುವವರೊಬ್ಬರು, ಇಬ್ಬರು ಯುವಕರು. ದಾದಿಯರಲ್ಲಿ ಒಬ್ಬರು ನಮ್ಮ ಕನ್ನಡ ನಾಡಿನವರೇ ಆದ ಧರ್ಮಭಗಿನಿ. ಉತ್ತರ ಭಾರತದ ಹಳ್ಳಿಗಾಡಿನ ಆಸ್ಪತ್ರೆಗಳಲ್ಲಿ ಮೂವತ್ತು ವರ್ಷ ದುಡಿದು ತಲೆ ನರೆತವರು. ವಯಸ್ಸಿನಲ್ಲಿ ನನಗಿಂತ ಹಿರಿಯರು. ತಂಡಕ್ಕೆ ಅವರೇ ಮುಂದಾಳು. ರೈಲಿನಲ್ಲಿ ಗೋರಖಪುರದವರೆಗೆ ಹೋಗಿ, ಸುನೌಲಿಯಲ್ಲಿ ಗಡಿ ದಾಟಿ, ನಾರಾಯಣಘಾಟ್, ಮುಗ್ಲಿಂಗ್ ಮಾರ್ಗವಾಗಿ ಗೋರ್ಖಾ ಪಟ್ಟಣವನ್ನು ಸೇರಿದೆವು. ಅಲ್ಲಿಂದ ದರೌಡಿ ನದಿಯ ಕಣಿವೆಯಲ್ಲಿ ಜೀಪು ಹೋಗುವಷ್ಟು ದೂರ ಜೀಪಿನಲ್ಲಿ. ಮುಂದೆ ಬೆಟ್ಟ ಜರಿದು ದಾರಿ ಮುಚ್ಚಿದ್ದರಿಂದ ಕಾಲ್ನಡಿಗೆಯಲ್ಲಿ. ಔಷಧಿಯ ಪೆಟ್ಟಿಗೆಗಳನ್ನು ಊರಿನವರೇ ಡೋಕೋ ಎಂಬ ಬಿದಿರಿನ ಬುಟ್ಟಿಯಲ್ಲಿಟ್ಟು, ಅದರ ಪಟ್ಟಿಯನ್ನು ಹಣೆಗೆ ಕೊಟ್ಟು ಹೊತ್ತು ತಂದರು. ಮೇ 19ರ ಮಂಗಳವಾರ ಸಂಜೆ ಒಂದು ಗುರುಂಗ್ ಹಳ್ಳಿಯನ್ನು ಸೇರಿದೆವು. ಅಲ್ಲಿ ನೆಟ್ಟಗೆ ನಿಂತಿದ್ದ ಮನೆಗಳನ್ನು ಒಂದು ಕೈಬೆರಳಿನಲ್ಲಿ ಎಣಿಸಬಹುದಾಗಿತ್ತು.

ಭಾರತೀಯ ಸೇನೆಯ ಗೋರ್ಖಾ ದಳದಿಂದ ನಿವೃತ್ತರಾದ ವೃದ್ಧರೊಬ್ಬರು ಆ ಊರಿನಲ್ಲಿದ್ದರು. ಅವರಿಗೆ ಹಿಂದಿ ಚೆನ್ನಾಗಿ ಬರುತ್ತಿತ್ತು. ಊರಿನ ಮಹಿಳಾ ಆರೋಗ್ಯ ಸ್ವಯಂಸೇವಕಿಯೊಬ್ಬಳಿದ್ದಳು. ಎಲ್ಲರಂತೆ ನಾವೂ ಅವಳನ್ನು ದಿದಿ, ಅಂದರೆ ಅಕ್ಕ ಎಂದೇ ಕರೆಯುತ್ತಿದ್ದೆವು. ನೇಪಾಳ ಸರಕಾರವು 1988ರಲ್ಲಿ ಪ್ರಾರಂಭಿಸಿದ ಯೋಜನೆಯೊಂದರ ಪ್ರಕಾರ ಹಳ್ಳಿಹಳ್ಳಿಗಳಲ್ಲಿಯೂ ಇಂತಹ ತಾಯಂದಿರಿದ್ದಾರೆ. ಅವರ ಸಂಖ್ಯೆ 50,000ವನ್ನು ಮೀರಿತ್ತು. ಸಂಬಳವಿಲ್ಲದ ಕೆಲಸ. ಗರ್ಭಿಣಿಯರ ಯೋಗಕ್ಷೇಮ ನೋಡುವುದು, ಮಕ್ಕಳಿಗೆ ವರ್ಷಕ್ಕೆರಡು ಬಾರಿ 'ಎ' ಜೀವಸತ್ವದ ಗುಳಿಗೆ ಕೊಡುವುದು, ಭೇದಿಯಾದವರಿಗೆ ಉಪ್ಪು ಸಕ್ಕರೆಯ ನೀರು ಕುಡಿಸುವುದು, ಇವೆಲ್ಲ ಅವರ ಹೊಣೆ. ನಾವು ಬರುವ ಮುನ್ನ ಮೂರು ವಾರಗಳಿಗೂ ಮೇಲ್ಪಟ್ಟು ಆ ಊರಿಗೆ ವೈದ್ಯರೆಂದರೂ ದಾದಿಯೆಂದರೂ ಅವಳೊಬ್ಬಳೇ ಆಗಿದ್ದಳು.

ಕೆಲಸಕ್ಕೆ ಕೊನೆಯೇ ಇರಲಿಲ್ಲ. ಕೀವುಗಟ್ಟಿದ ಗಾಯಗಳು, ಸೊಟ್ಟಗೆ ಕೂಡಿಕೊಂಡ ಮೂಳೆಗಳು, ತಾಡಪಾಲಿನ ಕೆಳಗೆ ಥಂಡಿಯಲ್ಲಿ ಮಲಗಿ ಎದೆ ಕಟ್ಟಿದ ಹಸುಳೆಗಳು, ದಿನನಿತ್ಯದ ಮಾತ್ರೆಗಳು ಮನೆಯ ಅವಶೇಷಗಳಡಿ ಹೂತುಹೋಗಿ ರಕ್ತದೊತ್ತಡ ಏರಿದ ಮುದುಕರು. ಎಲ್ಲಕ್ಕಿಂತ ಮಿಗಿಲಾಗಿ ನಿದ್ರೆ ಬಾರದವರು. ನೆಲ ಆಗಾಗ್ಗೆ ನಡುಗುತ್ತಲೇ ಇತ್ತು. ನಡುಗಿದಾಗಲೆಲ್ಲ ಊರಿಗೆ ಊರೇ ಚೀರುತ್ತಿತ್ತು. ಬೆಳಗಿನ ಐದಕ್ಕೆ ಎದ್ದರೆ ರಾತ್ರಿ ಲಾಂದ್ರ ಆರಿಸುವ ಹೊತ್ತಿಗೆ ಹತ್ತಾಗುತ್ತಿತ್ತು.

ಮೊದಲ ಶನಿವಾರ ಬಂದಾಗ ಸಿಸ್ಟರ್, "ಇವತ್ತು ರಜೆ ಮಾಡೋಣ" ಎಂದರು. ನಾನು ಒಪ್ಪಲಿಲ್ಲ. "ಸಿಸ್ಟರ್, ನಾವು ಬಂದಿರುವುದು ಮೂರೇ ವಾರಕ್ಕೆ. ಎರಡು ಗಂಟೆ, ಮೂರು ಗಂಟೆ ನಡೆದು ಬರುವವರಿಗೆ ಇವತ್ತು ರಜೆ ಎಂದು ಹೇಳಲು ನನಗೆ ನಾಲಗೆ ಏಳುವುದಿಲ್ಲ" ಎಂದೆ. ಅವರು ನನ್ನ ಮುಖವನ್ನು ಒಮ್ಮೆ ನೋಡಿ ಸುಮ್ಮನಾದರು. ಕೆಲಸ ಮುಂದುವರಿಯಿತು. ನಿಜ ಹೇಳಬೇಕೆಂದರೆ, ಆ ರಾತ್ರಿ ನನಗೆ ನನ್ನ ಬಗ್ಗೆ ಬಹಳ ಹೆಮ್ಮೆಯಾಗಿತ್ತು.

ಮುಂದಿನ ಶುಕ್ರವಾರದ ಸಂಜೆ, ಅಂದರೆ ಬಿಡುವಿಲ್ಲದ ದುಡಿಮೆಯ ಹನ್ನೊಂದನೆಯ ದಿನ, ತಾಯಿಯೊಬ್ಬಳು ಇಬ್ಬರು ಮಕ್ಕಳನ್ನು ಕರೆತಂದಳು. ದೊಡ್ಡವನಿಗೆ ಕಾಲಿನಲ್ಲಿ ಗಾಯ. ಚಿಕ್ಕ ಮಗುವಿಗೆ ನ್ಯುಮೋನಿಯಾ. ದೊಡ್ಡವನ ತೂಕ ಹತ್ತೊಂಬತ್ತು ಕಿಲೋ, ಚಿಕ್ಕದರದು ಒಂಬತ್ತು. ಚಿಕ್ಕ ಮಗುವಿಗೆ ಜೆಂಟಾಮೈಸಿನ್ ಚುಚ್ಚುಮದ್ದು ಬೇಕಾಗಿತ್ತು. ತೂಕಕ್ಕೆ ತಕ್ಕಂತೆ ಲೆಕ್ಕ ಹಾಕಿ ಕೊಡಬೇಕಾದ ಔಷಧಿ ಅದು. ಮಿತಿ ಮೀರಿದರೆ ಮೂತ್ರಪಿಂಡಕ್ಕೂ ಕಿವಿಗೂ ಕೇಡು. ಕಿವಿ ಹೋದರೆ ಮರಳಿ ಬರುವುದಿಲ್ಲ. ನಾನು ಅಣ್ಣನ ತೂಕವನ್ನು ತಮ್ಮನಿಗೆ ಹಿಡಿದು ಚೀಟಿ ಬರೆದುಕೊಟ್ಟೆ. ಎರಡು ಪಟ್ಟಿಗೂ ಹೆಚ್ಚು! ಸಿರಿಂಜಿಗೆ ಔಷಧಿ ತುಂಬಲು ಹೋದ ಚಿಕ್ಕ ವಯಸ್ಸಿನ ದಾದಿ ತಿರುಗಿ ಬಂದು, "ಸರ್, ಇದು ಯಾವ ಮಗುವಿಗೆ?" ಎಂದು ಮೆಲ್ಲಗೆ ಕೇಳಿದಳು. ಚೀಟಿ ನೋಡಿಕೊಂಡೆ. ನನ್ನ ಕೈ ತಣ್ಣಗಾಯಿತು. ವೈದ್ಯನಾಗಿ ಮೂವತ್ತು ವರ್ಷ ಕಳೆದಿದ್ದ ನಾನು, ಆ ಹುಡುಗಿ ಕೇಳದೇ ಹೋಗಿದ್ದರೆ, ಬದುಕಿ ಉಳಿದ ಮಗುವೊಂದನ್ನು ಕಿವುಡಾಗಿಸಿ ಊರಿಗೆ ಹಿಂದಿರುಗುತ್ತಿದ್ದೆನೇನೋ.

ಸಿಸ್ಟರ್ ಗದರಲಿಲ್ಲ. ರಾತ್ರಿ ಊಟವಾದ ಮೇಲೆ, "ಡಾಕ್ಟರೇ, ನಾಳೆ ಶನಿವಾರ. ನಾಳೆ ರಜೆ" ಎಂದರು. ನಾನು ತಲೆ ತಗ್ಗಿಸಿ ಹೂಂ ಎಂದೆ. ಸರತಿಯ ಪ್ರಕಾರ ಕಿರಿಯ ವೈದ್ಯೆಯೂ ಒಬ್ಬ ದಾದಿಯೂ ತುರ್ತು ಕೆಲಸಕ್ಕೆ ಸಿದ್ಧರಾಗಿರಬೇಕು, ಮುಂದಿನ ವಾರ ಅವರಿಗೆ ವಿಶ್ರಾಂತಿ, ಉಳಿದವರು ಔಷಧಿಯ ಡೇರೆಯ ಹತ್ತಿರ ಸುಳಿಯಕೂಡದು ಎಂದು ಅವರು ಅಷ್ಟರಲ್ಲೇ ಏರ್ಪಾಡು ಮಾಡಿಬಿಟ್ಟಿದ್ದರು. ಸೇನೆಯ ವೃದ್ಧರ ಮೂಲಕ ಸುತ್ತಲ ಹಟ್ಟಿಗಳಿಗೆ ಸುದ್ದಿಯನ್ನೂ ಕಳುಹಿಸಿದ್ದರು.

ಹೀಗೆ ಬಂದಿತು ಮೇ 30ರ ಶನಿವಾರ. ಹತ್ತಿರದಲ್ಲೆಲ್ಲೂ ಗುರುಗಳಿರಲಿಲ್ಲ, ಬಲಿಪೂಜೆಯ ಭಾಗ್ಯವಿರಲಿಲ್ಲ. ಬೆಳಿಗ್ಗೆ ಆಕ್ರೋಡು ಮರವೊಂದರ ಕೆಳಗೆ ಕುಳಿತು ಪ್ರಾರ್ಥನೆ ಮಾಡಿದೆವು. ಸಿಸ್ಟರ್ ಸಂತ ಮಾರ್ಕರ ಶುಭಸಂದೇಶದ ಆರನೆಯ ಅಧ್ಯಾಯವನ್ನು ಓದಿದರು. ನಿಮಗೆಲ್ಲ ಗೊತ್ತಿರುವ ಭಾಗ. ಯೇಸುಸ್ವಾಮಿ ಹನ್ನೆರಡು ಮಂದಿ ಪ್ರೇಷಿತರನ್ನು ಇಬ್ಬಿಬ್ಬರಾಗಿ ಕಳುಹಿಸುತ್ತಾರೆ. ಅವರು ಹೋಗಿ ಬೋಧಿಸುತ್ತಾರೆ. ಅನೇಕ ರೋಗಿಗಳಿಗೆ ಎಣ್ಣೆ ಹಚ್ಚಿ ಗುಣಪಡಿಸುತ್ತಾರೆ. ತಿರುಗಿ ಬಂದು ತಾವು ಮಾಡಿದ್ದನ್ನೆಲ್ಲ ವರದಿ ಮಾಡುತ್ತಾರೆ. ಬರುವವರು ಹೋಗುವವರು ಎಷ್ಟೊಂದು ಜನವೆಂದರೆ ಅವರಿಗೆ ಊಟಕ್ಕೂ ಪುರುಸೊತ್ತಿಲ್ಲ. ಆಗ ಪ್ರಭುವು ಇನ್ನೂ ಮಾಡಿ ಎನ್ನಲಿಲ್ಲ. ಏಕಾಂತ ಸ್ಥಳಕ್ಕೆ ಬಂದು ತುಸು ದಣಿವಾರಿಸಿಕೊಳ್ಳಿರೆಂದು ಕರೆದರು. ಈ ಕರೆಯನ್ನು ನಾಲ್ವರು ಶುಭಸಂದೇಶಕಾರರಲ್ಲಿ ಸಂತ ಮಾರ್ಕರೊಬ್ಬರೇ ಬರೆದಿಟ್ಟಿದ್ದಾರೆ. ಅದುವರೆಗೆ ಎಷ್ಟು ಸಲ ಕೇಳಿದ್ದೆನೋ! ಪ್ರೇಷಿತರ ಆ ಮೊದಲ ಪಯಣವು ರೋಗಿಗಳ ಸೇವೆಯ ಪಯಣವೂ ಆಗಿತ್ತು, ಅದರ ಬೆನ್ನಿಗೇ ಬಂದ ಕರೆ ವಿಶ್ರಾಂತಿಯದಾಗಿತ್ತು ಎಂಬುದು ನನಗೆ ಹೊಳೆದದ್ದು ಅಂದೇ.

ಪ್ರಾರ್ಥನೆ ಮುಗಿಸಿ ಏಳುವಾಗ ಒಲೆಯ ಕಡೆಯಿಂದ ಹೊಗೆ ಬರುತ್ತಿತ್ತು. ನೋಡಿದರೆ ದಿದಿ! ಎಂದಿನಂತೆ ನಸುಕಿನಲ್ಲಿಯೇ ಬಂದು ನೀರು ಕಾಯಿಸಿ, ನಮಗೆ ಅನ್ನಕ್ಕಿಟ್ಟು, ಬೇಳೆ ತೊಳೆಯುತ್ತ ಕುಳಿತಿದ್ದಳು. ನಾವು ಎಂಟು ಮಂದಿಯೂ ವಿಶ್ರಾಂತಿಯ ವಿಚಾರ ಮಾತನಾಡಿದ್ದೆವು, ವಿಶ್ರಾಂತಿಗಾಗಿ ಪ್ರಾರ್ಥಿಸಿದ್ದೆವು. ಅವಳ ನೆನಪು ನಮ್ಮಲ್ಲಿ ಯಾರಿಗೂ ಬಂದಿರಲಿಲ್ಲ. ಸಿಸ್ಟರ್ ಅಲ್ಲಿಯೇ ನಿಂತುಬಿಟ್ಟರು. "ಇವಳು ನಮ್ಮ ಅನ್ನ ಬೇಯಿಸುತ್ತಿದ್ದರೆ ಇದು ದೇವರ ದಿನ ಹೇಗಾಯಿತು? ಇದು ಬರೀ ನಮ್ಮ ರಜೆ" ಎಂದರು.

ಧರ್ಮೋಪದೇಶಕಾಂಡದಲ್ಲಿ ಸಬ್ಬತ್ ದಿನದ ಆಜ್ಞೆಯನ್ನು ಓದಿ ನೋಡಿ. ಅಲ್ಲಿ ದೇವರು ಮನೆಯ ಯಜಮಾನನಿಗೆ ಮಾತ್ರ ವಿರಾಮವನ್ನು ವಿಧಿಸಲಿಲ್ಲ. ಮಗ, ಮಗಳು, ಗಂಡಾಳು, ಹೆಣ್ಣಾಳು, ಎತ್ತು, ಕತ್ತೆ, ಊರಿನಲ್ಲಿರುವ ಪರದೇಶಿ, ಇವರೆಲ್ಲರನ್ನೂ ಹೆಸರಿಸಿ ಹೇಳಿದರು. ಆಳುಗಳಿಗೂ ನಿಮ್ಮಂತೆಯೇ ವಿಶ್ರಾಂತಿ ದೊರೆಯಬೇಕು, ನೀವೂ ಒಮ್ಮೆ ಈಜಿಪ್ಟಿನಲ್ಲಿ ದಾಸರಾಗಿದ್ದುದನ್ನು ಮರೆಯಬೇಡಿ ಎಂದು ಕಾರಣವನ್ನೂ ಕೊಟ್ಟರು. ದಾಸನಿಗೆ ರಜೆಯಿಲ್ಲ, ಬಿಡುಗಡೆ ಹೊಂದಿದವನ ಗುರುತೇ ವಿಶ್ರಾಂತಿ. ಆದ್ದರಿಂದ ತಾನು ವಿಶ್ರಮಿಸಿ ಇನ್ನೊಬ್ಬನನ್ನು ದುಡಿಸುವವನು ಆಜ್ಞೆಯ ಅರ್ಧವನ್ನು ಮಾತ್ರ ಪಾಲಿಸಿದಂತಾಯಿತು.

ಅಂದು ಅಡಿಗೆ ನಾವು ಮಾಡಿದೆವು. ದಿದಿಯನ್ನು ಕೂರಿಸುವುದೇ ಒಂದು ದೊಡ್ಡ ಕೆಲಸವಾಯಿತು. ನಾಲ್ಕು ಸಲ ಎದ್ದು ಬಂದು ಸೌಟಿಗೆ ಕೈ ಹಾಕಿದಳು. ನಾಲ್ಕು ಸಲವೂ ಸಿಸ್ಟರ್ ಕೈ ಹಿಡಿದು ಕೂರಿಸಿದರು. ನನ್ನ ಪಾಲಿಗೆ ಬಂದದ್ದು ಈರುಳ್ಳಿ ಹೆಚ್ಚುವುದು. ಅನ್ನ ಸ್ವಲ್ಪ ತಳ ಹಿಡಿಯಿತು. ಅವಳಿಗೆ ಮೊದಲು ಬಡಿಸಿದೆವು. ಎರಡು ತುತ್ತು ಉಂಡವಳು ತಟ್ಟೆ ಕೆಳಗಿಟ್ಟು ಅಳತೊಡಗಿದಳು. ಬಿಕ್ಕಿ ಬಿಕ್ಕಿ, ಬಹಳ ಹೊತ್ತು. ಸಿಸ್ಟರ್ ಪಕ್ಕದಲ್ಲಿ ಕುಳಿತು ಬೆನ್ನ ಮೇಲೆ ಕೈಯಿಟ್ಟುಕೊಂಡಿದ್ದರು. ಭೂಕಂಪವಾಗಿ ಅಂದಿಗೆ ಮೂವತ್ತೈದು ದಿನ. ಆ ಮೂವತ್ತೈದು ದಿನವೂ ಅವಳು ಇತರರ ಗಾಯ ತೊಳೆದಿದ್ದಳು, ಇತರರ ಹೆಣ ಹೊರಿಸಿದ್ದಳು. ಅಂದೇ ಕುಸಿದ ಮನೆಯೊಳಗೆ ಮಲಗಿದ್ದ ಅವಳ ಅತ್ತೆ ಸತ್ತಿದ್ದರೆಂಬುದು ನಮಗೆ ತಿಳಿದದ್ದು ಆಗಲೇ. ಅಳಲು ಅವಳಿಗೆ ಪುರುಸೊತ್ತು ಸಿಕ್ಕಿರಲಿಲ್ಲ.

ಅತ್ತು ಮುಗಿದ ಮೇಲೆ ಮುಖ ತೊಳೆದುಕೊಂಡು, "ಬನ್ನಿ, ನಿಮಗೆ ಒಂದು ತೋರಿಸುತ್ತೇನೆ" ಎಂದು ನಮ್ಮನ್ನು ಊರ ಮೇಲಣ ದಿಣ್ಣೆಗೆ ಕರೆದೊಯ್ದಳು. ಅಲ್ಲಿ ಶಾಲೆಯಿತ್ತು; ಅಂದರೆ ಶಾಲೆಯ ಕಲ್ಲುಗಳ ರಾಶಿಯಿತ್ತು. ರಾಶಿಯ ನಡುವೆ ಬೆಂಚುಗಳ ಕಾಲುಗಳು ಮುರಿದು ಮೇಲೆ ಚಾಚಿಕೊಂಡಿದ್ದವು. "ನನ್ನ ಮಗಳು ಕೂರುತ್ತಿದ್ದುದು ಆ ಮೂಲೆಯಲ್ಲಿ" ಎಂದು ಬೆರಳು ತೋರಿಸಿದಳು. ಹತ್ತು ವರ್ಷದ ಆ ಹುಡುಗಿ ಏಪ್ರಿಲ್ 25ರ ಮಧ್ಯಾಹ್ನ ಆಡು ಮೇಯಿಸಲು ಗುಡ್ಡಕ್ಕೆ ಹೋಗಿದ್ದಳು. ಏಕೆಂದರೆ ಅಂದು ಶನಿವಾರ. ಆ ಭೂಕಂಪಗಳಲ್ಲಿ ನೇಪಾಳದ ಸುಮಾರು 7,000 ಶಾಲೆಗಳು ಕುಸಿದವು ಅಥವಾ ಬಿರುಕು ಬಿಟ್ಟವು. ವಾರದ ಬೇರೆ ಯಾವ ದಿನವಾಗಿದ್ದರೂ ಆ ಹೊತ್ತಿನಲ್ಲಿ ಮಕ್ಕಳು ಒಳಗಿರುತ್ತಿದ್ದರು.

ಸಹೋದರ ಸಹೋದರಿಯರೇ, ಇದರಿಂದ ನಾನು ಸುಲಭವಾದ ಪಾಠವೊಂದನ್ನು ಹೆಣೆಯಲು ಹೊರಟಿಲ್ಲ. ಅದೇ ಶನಿವಾರ ಮನೆಯೊಳಗೆ ವಿಶ್ರಮಿಸುತ್ತಿದ್ದ ಅತ್ತೆ ಸತ್ತರು. ದೇವರು ಮಗಳನ್ನು ಉಳಿಸಿ ಅತ್ತೆಯನ್ನು ಕೈಬಿಟ್ಟನೆಂದು ಹೇಳುವ ಧೈರ್ಯ ನನಗಿಲ್ಲ. ದಿದಿಯೂ ಹಾಗೆ ಹೇಳಲಿಲ್ಲ. ಅವಳು ಹೇಳಿದ್ದು ಇಷ್ಟೇ: "ನಾಳೆ ಶಾಲೆ ಮತ್ತೆ ಶುರು." ನಿಜ. ಮೇ 31ರ ಭಾನುವಾರದಿಂದ ಭೂಕಂಪಪೀಡಿತ ಜಿಲ್ಲೆಗಳ ಶಾಲೆಗಳನ್ನು ತೆರೆಯುವುದೆಂದು ಸರಕಾರ ಸಾರಿತ್ತು. ಅಲ್ಲಿಯೇ ಪಕ್ಕದ ಬಯಲಿನಲ್ಲಿ ಊರಿನ ಗಂಡಸರು ಬಿದಿರು ನೆಟ್ಟು ತಗಡು ಹೊದಿಸುತ್ತಿದ್ದರು. ನಮ್ಮ ಯುವಕರಿಬ್ಬರು ಕೇಳದೆಯೇ ಹೋಗಿ ಕೈಜೋಡಿಸಿದರು. ಇದೂ ಕೆಲಸವಲ್ಲವೇ, ರಜೆ ಹೇಗಾಯಿತು ಎಂದು ಸಿಸ್ಟರನ್ನು ಕೆಣಕಿದೆ. "ಅವರು ನಗುತ್ತಿದ್ದಾರೆ ನೋಡಿ" ಎಂದರು ಅವರು.

ಸಂಜೆ ನಾಲ್ಕರ ಸುಮಾರಿಗೆ ಮೇಲಿನ ಹಟ್ಟಿಯಿಂದ ಒಬ್ಬ ಬಸುರಿಯನ್ನು ಡೋಕೋದಲ್ಲಿ ಕೂರಿಸಿ ಹೊತ್ತು ತಂದರು. ಚೊಚ್ಚಲ ಹೆರಿಗೆ. ಹಿಂದಿನ ರಾತ್ರಿಯಿಂದ ನೋವು ತಿನ್ನುತ್ತಿದ್ದಳಂತೆ. ನಾನು ತಟಕ್ಕನೆ ಎದ್ದು ನಿಂತೆ. ಸಿಸ್ಟರ್ ನನ್ನ ತೋಳು ಹಿಡಿದರು.

"ಕೂತುಕೊಳ್ಳಿ, ಡಾಕ್ಟರೇ. ಅಲ್ಲಿ ಡಾಕ್ಟರ್ ಇದ್ದಾರೆ. ಕರೆದರೆ ಹೋಗಿ."

"ಆ ಹುಡುಗಿಗೆ ಅನುಭವ ಸಾಲದು, ಸಿಸ್ಟರ್."

"ನೀವು ಹೀಗೆ ಓಡುತ್ತಲೇ ಇದ್ದರೆ ಅವಳಿಗೆ ಅನುಭವ ಬರುವುದಾದರೂ ಯಾವಾಗ? ನಿನ್ನೆ ತಪ್ಪು ಬರೆದವರು ಅವಳಲ್ಲ."

ಕುಳಿತೆ. ನನ್ನ ಬದುಕಿನಲ್ಲಿ ಅಷ್ಟು ದೀರ್ಘವಾದ ಸಂಜೆಯನ್ನು ನಾನು ಕಂಡಿಲ್ಲ. ಡೇರೆಯಿಂದ ತಾಯಿಯ ನರಳಾಟ ಕೇಳುತ್ತಿತ್ತು. ಕತ್ತಲಾಗುವ ಹೊತ್ತಿಗೆ ನರಳಾಟ ನಿಂತಿತು; ಆದರೆ ಮಗುವಿನ ಅಳು ಕೇಳಲಿಲ್ಲ. ಉಸಿರಾಡದೆ ಹುಟ್ಟಿದ ಶಿಶುವಿಗೆ ಮೊದಲ ಒಂದು ನಿಮಿಷ ಎಷ್ಟು ಅಮೂಲ್ಯವೆಂಬುದನ್ನು ಬಲ್ಲೆ. ಎದ್ದು ಎರಡು ಹೆಜ್ಜೆ ಇಟ್ಟೆ. ಯಾರೂ ನನ್ನನ್ನು ಕರೆಯಲಿಲ್ಲ. ಒಳಗೆ ಆ ಕಿರಿಯ ವೈದ್ಯೆ ಶಿಶುವನ್ನು ಒರೆಸಿ, ಬೆನ್ನು ತಿಕ್ಕಿ, ಮುಖಕ್ಕೆ ಹಿಡಿದು ಉಸಿರೂಡುವ ಚೀಲವನ್ನು ಒತ್ತುತ್ತಿದ್ದಳೆಂಬುದು ನನಗೆ ಆಮೇಲೆ ತಿಳಿಯಿತು. ನಿಂತಲ್ಲಿಯೇ ಕೈಮುಗಿದು, "ಪ್ರಭುವೇ, ಇದು ನಿನ್ನ ಮಗು" ಎಂದೆ. ಹಿಂದಿನ ಹನ್ನೊಂದು ದಿನಗಳಲ್ಲಿ ಯಾವ ರೋಗಿಯ ವಿಷಯದಲ್ಲಿಯೂ ನಾನು ಈ ಮಾತನ್ನು ಹೇಳಿರಲಿಲ್ಲ. ಎಲ್ಲರೂ ನನ್ನ ರೋಗಿಗಳಾಗಿದ್ದರು. ಸ್ವಲ್ಪ ಹೊತ್ತಿಗೆ ಅಳು ಕೇಳಿಸಿತು. ಮೊದಲು ಬೆಕ್ಕಿನ ಮರಿಯ ಕೂಗಿನಂತೆ, ಆಮೇಲೆ ಕಣಿವೆಗೆಲ್ಲ ಕೇಳುವಂತೆ. ಹೆಣ್ಣು ಮಗು. ತಾಯಿಯೂ ಮಗುವೂ ಕ್ಷೇಮವಾಗಿದ್ದರು.

ತನ್ನ ಕೋಳಿ ಕೂಗುವುದರಿಂದಲೇ ಊರಿಗೆ ಬೆಳಗಾಗುತ್ತದೆ ಎಂದು ನಂಬಿದ್ದ ಮುದುಕಿಯ ಕಥೆಯನ್ನು ನಮ್ಮ ಹಿರಿಯರು ಹೇಳುತ್ತಿದ್ದರಲ್ಲವೇ? ಆ ಸಂಜೆ ಆ ಮುದುಕಿ ನಾನೇ ಆಗಿದ್ದೆ. ನನ್ನ ಕೋಳಿ ಕೂಗಲಿಲ್ಲ; ಆದರೂ ಬೆಳಗಾಯಿತು. ಏಳನೆಯ ದಿನ ದೇವರೇ ವಿರಮಿಸಿದನೆಂದು ಪವಿತ್ರ ಗ್ರಂಥ ಹೇಳುತ್ತದೆ. ನಾವು ವಿರಮಿಸಲಾರೆವು ಎಂದರೆ ದೇವರಿಗಿಂತ ನಮ್ಮ ಹೊಣೆ ದೊಡ್ಡದೆಂದು ಹೇಳಿದಂತಾಗುತ್ತದೆ. ವಿಶ್ರಾಂತಿಯೆಂದರೆ ಸೋಮಾರಿತನವಲ್ಲ, ಕೆಲಸ ಮುಗಿಸಿದವರಿಗೆ ಕೊಡುವ ಬಹುಮಾನವೂ ಅಲ್ಲ. ಲೋಕವನ್ನು ಹೊತ್ತಿರುವವನು ನಾನಲ್ಲ ಎಂದು ವಾರಕ್ಕೊಮ್ಮೆ ಮಾಡುವ ವಿಶ್ವಾಸ ಪ್ರಕಟಣೆ.

ಹಾಗೆಂದು ರಜೆಯ ಹೆಸರಿನಲ್ಲಿ ಬಾಗಿಲು ಮುಚ್ಚಬೇಕೆಂದು ನಾನು ಹೇಳುವುದಿಲ್ಲ. ಸಂತ ಮಾರ್ಕರ ಶುಭಸಂದೇಶವನ್ನು ಮುಂದಕ್ಕೆ ಓದಿ. ಪ್ರಭುವೂ ಶಿಷ್ಯರೂ ದೋಣಿಯಲ್ಲಿ ಏಕಾಂತ ಸ್ಥಳಕ್ಕೆ ಹೋದರೆ, ಜನರು ದಡದ ಮೇಲೆ ಓಡಿ ಅವರಿಗಿಂತ ಮೊದಲೇ ಅಲ್ಲಿ ನೆರೆದಿದ್ದರು. ಅವರನ್ನು ಕಂಡು ಪ್ರಭುವಿನ ಕರುಳು ಮಿಡಿಯಿತು, ಹಿಂದಕ್ಕೆ ಕಳುಹಿಸಲಿಲ್ಲ. ಹದಿನೆಂಟು ವರ್ಷ ನಡು ಬಾಗಿದ್ದ ಹೆಂಗಸನ್ನು ಅವರು ನೆಟ್ಟಗೆ ನಿಲ್ಲಿಸಿದ್ದು ಸಬ್ಬತ್ ದಿನದಂದೇ. ಸಬ್ಬತ್ತಿನಲ್ಲಿ ಎತ್ತನ್ನು ಬಿಚ್ಚಿ ನೀರಿಗೆ ಕೊಂಡೊಯ್ಯುವವರು ಇವಳ ಕಟ್ಟು ಬಿಚ್ಚಬಾರದೇ ಎಂಬುದು ಅವರ ವಾದ. ಸಂತ ಎರಡನೆಯ ಜಾನ್ ಪಾಲರು 1998ರಲ್ಲಿ ಪ್ರಭುವಿನ ದಿನವನ್ನು ಕುರಿತು ಬರೆದ ಪ್ರೇಷಿತ ಪತ್ರವೂ ಭಾನುವಾರವು ಆರಾಧನೆಯ ದಿನ, ವಿಶ್ರಾಂತಿಯ ದಿನ, ಜೊತೆಗೆ ಪರಸ್ಪರ ಪ್ರೀತಿಯ ದಿನ ಎಂದು ಬೋಧಿಸುತ್ತದೆ. ನೋವಿನಲ್ಲಿರುವವರಿಗೆ ಬಾಗಿಲು ತೆರೆದಿರಬೇಕು. ಆದರೆ ಆ ಬಾಗಿಲನ್ನು ಯಾವಾಗಲೂ ಒಬ್ಬರೇ ಕಾಯಬಾರದು. ಸಿಸ್ಟರ್ ಮಾಡಿದ ಸರತಿಯ ಏರ್ಪಾಡಿನ ಗುಟ್ಟು ಇದೇ.

ಇದು ದೂರದ ಬೆಟ್ಟದ ಮಾತಾಯಿತು. ನಮಗೇನು ಸಂಬಂಧ ಎನ್ನುವಿರಾ? ವಿಶ್ವ ಆರೋಗ್ಯ ಸಂಸ್ಥೆಯೂ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯೂ ಕೂಡಿ 2021ರಲ್ಲಿ ಒಂದು ಅಂದಾಜನ್ನು ಪ್ರಕಟಿಸಿದವು. ವಾರಕ್ಕೆ 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿದದ್ದರ ಪರಿಣಾಮವಾಗಿ 2016ನೆಯ ಒಂದೇ ವರ್ಷದಲ್ಲಿ ಪಾರ್ಶ್ವವಾಯು ಮತ್ತು ಹೃದ್ರೋಗದಿಂದ ಲೋಕದಲ್ಲಿ 7 ಲಕ್ಷ 45 ಸಾವಿರ ಮಂದಿ ಸತ್ತರು. ನಮ್ಮ ಮನೆಗಳಲ್ಲಿ ಹೀಗೆ ದುಡಿಯುವವರು ಯಾರು? ಭಾನುವಾರ ಬೆಳಿಗ್ಗೆ ಬಲಿಪೂಜೆ ಮುಗಿಸಿ ಮನೆಗೆ ಹೋಗುತ್ತೇವೆ. ಗಂಡಸರು ಪತ್ರಿಕೆ ಹಿಡಿದು ಕೂರುತ್ತೇವೆ, ಮಕ್ಕಳು ಆಟಕ್ಕೆ ಹೋಗುತ್ತಾರೆ. ಮನೆಯ ತಾಯಿ ಸೆರಗು ಸಿಕ್ಕಿಸಿ ಅಡಿಗೆಮನೆಗೆ ಹೋಗುತ್ತಾಳೆ. ಅಂದು ಕೋಳಿಸಾರಾಗಬೇಕು, ನೆಂಟರು ಬರುತ್ತಾರೆ. ವಾರದ ಆರು ದಿನಕ್ಕಿಂತ ಏಳನೆಯ ದಿನವೇ ಅವಳಿಗೆ ಹೆಚ್ಚು ಕೆಲಸ. ನಮ್ಮ ಮನೆಗಳಲ್ಲಿ ಪಾತ್ರೆ ತೊಳೆಯುವ ಹೆಣ್ಣುಮಗಳಿಗೆ ವಾರದ ರಜೆ ಎಷ್ಟು ಮಂದಿ ಕೊಡುತ್ತೇವೆ? ದಿದಿ ನೇಪಾಳದಲ್ಲಿ ಮಾತ್ರವಿಲ್ಲ.

ಇನ್ನೂ ಒಂದು ಮಾತು. ನಮ್ಮ ಧರ್ಮಕೇಂದ್ರದಲ್ಲಿ ಹಾಸಿಗೆ ಹಿಡಿದ ಹಿರಿಯರಿದ್ದಾರೆ. ಅವರ ಪಕ್ಕದಲ್ಲಿ ಒಬ್ಬ ಮಗಳೋ ಒಬ್ಬ ಸೊಸೆಯೋ ಹಗಲಿರುಳು ಕುಳಿತಿರುತ್ತಾಳೆ. ರೋಗಿಗೆ ಪರಮಪ್ರಸಾದವನ್ನು ಮನೆಗೇ ಕೊಂಡೊಯ್ಯುವ ಏರ್ಪಾಡು ನಮ್ಮಲ್ಲಿದೆ; ದೇವರಿಗೆ ಸ್ತೋತ್ರ. ಆದರೆ ಆರೈಕೆ ಮಾಡುವವಳು ದೇವಾಲಯದ ಮೆಟ್ಟಿಲು ಹತ್ತಿ ಎಷ್ಟು ತಿಂಗಳಾಯಿತೆಂದು ನಾವು ಕೇಳಿದ್ದೇವೆಯೇ? ರೋಗಿಯನ್ನು ನೋಡಲು ಹೋಗಿ, ಅವಳ ಕೈಯಲ್ಲಿಯೇ ಕಾಫಿ ಮಾಡಿಸಿ ಕುಡಿದು ಬರುತ್ತೇವೆ! ನಾನೂ ಹಾಗೆ ಕುಡಿದು ಬಂದವನೇ.

ಆದ್ದರಿಂದ ಈ ಶತಮಾನೋತ್ಸವದ ವರ್ಷದಲ್ಲಿ ನನ್ನ ವಿನಂತಿ ಇದು. ನಮ್ಮ ಯುವಕ ಯುವತಿಯರೂ ನಿವೃತ್ತರೂ ಸೇರಿ ಒಂದು ಸರತಿಯ ಪಟ್ಟಿ ಮಾಡೋಣ. ಪ್ರತಿ ಭಾನುವಾರ ಇಬ್ಬಿಬ್ಬರಾಗಿ, ಪ್ರೇಷಿತರು ಹೋದಂತೆ, ಅಂತಹ ಒಂದೊಂದು ಮನೆಗೆ ಹೋಗಿ ಮೂರು ಗಂಟೆ ರೋಗಿಯ ಬಳಿ ಕೂರೋಣ. ಆರೈಕೆ ಮಾಡುವವರು ಆ ಮೂರು ಗಂಟೆ ಬಲಿಪೂಜೆಗೆ ಬರಲಿ, ತವರಿಗೆ ಹೋಗಲಿ, ಇಲ್ಲವೇ ಬಾಗಿಲು ಹಾಕಿಕೊಂಡು ನಿದ್ರೆ ಮಾಡಲಿ. ಅಳುವುದಿದ್ದರೆ ಅಳಲಿ. ಇದಕ್ಕೆ ವೈದ್ಯರೇ ಬೇಕಾಗಿಲ್ಲ. ಔಷಧಿಯ ವಿಷಯ ಹೇಳಿಕೊಡಲು ನಾನು ಸಿದ್ಧನಿದ್ದೇನೆ. ಪಟ್ಟಿಯಲ್ಲಿ ಮೊದಲ ಹೆಸರು ನನ್ನದಿರಲಿ.

ನೂರು ವರ್ಷಗಳ ಹಿಂದೆ ಈ ದೇವಾಲಯವನ್ನು ಕಟ್ಟಿದ ನಮ್ಮ ಪೂರ್ವಿಕರು ಗಂಟೆಗೋಪುರವನ್ನು ಎತ್ತರಿಸಿದ್ದು ಏತಕ್ಕೆ? ಹೊಲದಲ್ಲಿ ದುಡಿಯುತ್ತಿದ್ದವನ ಕಿವಿಗೂ ಬೀಳಲಿ, ಅವನು ಗುದ್ದಲಿ ಕೆಳಗಿಟ್ಟು ಒಂದು ಗಳಿಗೆ ನಿಲ್ಲಲಿ ಎಂದಲ್ಲವೇ? ಮೇ 31ರ ಬೆಳಿಗ್ಗೆ ನಾವು ಮತ್ತೆ ಔಷಧಿಯ ಡೇರೆ ತೆರೆಯುವಾಗ ಆ ಬೆಟ್ಟದ ಮೇಲೆಯೂ ಒಂದು ಗಂಟೆ ಬಾರಿಸಿತು. ಮರಕ್ಕೆ ನೇತುಹಾಕಿದ ಒಂದು ಕಬ್ಬಿಣದ ತುಂಡು ಅಷ್ಟೆ. ತಗಡಿನ ಚಪ್ಪರದ ಕಡೆಗೆ ಮಕ್ಕಳು ಸಾಲಾಗಿ ಹತ್ತಿ ಹೋಗುತ್ತಿದ್ದರು. ದಿದಿಯ ಮಗಳು ನಮ್ಮ ಮುಂದಿನಿಂದಲೇ ಹಾದು ಹೋದಳು. ದಿದಿ ಅಂದು ಒಂದು ಗಂಟೆ ತಡವಾಗಿ ಕೆಲಸಕ್ಕೆ ಬಂದಳು. ನಿದ್ರೆ ಹತ್ತಿಬಿಟ್ಟಿತೆಂದು ನಾಚಿಕೊಂಡಳು. ಅವಳ ಕೈಗೆ ನಾನು ಚಹಾ ಕೊಟ್ಟೆ.

 ದಣಿದವರನ್ನು ತನ್ನ ಬಳಿಗೆ ಕರೆಯುವ ಪ್ರಭುವು ಈ ಧರ್ಮಕೇಂದ್ರವನ್ನು ಇನ್ನೂ ಅನೇಕ ನೂರು ವರ್ಷ ಹರಸಲಿ.